ಸೀಟು ಸಿಕ್ಕಾಯ್ತಲ್ಲ, ಇನ್ನು ಈ ಕ್ಲಾಸ್ ಯಾಕಮ್ಮಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗಳು ಹನ್ನೆರಡನೇ ತರಗತಿ. ಮಾರ್ಚ್‌ನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಒಂದು ಕ್ಯಾಂಪಸ್‌ನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆವು. ಈಗ ಒಂದು ಫಾರಂ ತಂದು ಸಹಿ ಹಾಕು ಅಂತ ಕೂತಿದ್ದಾಳೆ. ಎಪಿ ಗವರ್ನಮೆಂಟ್ ಅಂತ ಒಂದು ಕ್ಲಾಸ್, ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಅಂತ ಕಾಲೇಜು ಮಟ್ಟದಲ್ಲಿ ಹೇಳಿಕೊಡುವುದು, ಅದನ್ನು ಬಿಡುತ್ತಾಳಂತೆ. ಅದಿಲ್ಲದೆ ಹೈಸ್ಕೂಲ್ ಮುಗಿಯುವುದಿಲ್ಲ ಅಂತ ಅವಳಿಗೂ ಗೊತ್ತು. ‘ಸಮ್ಮರ್‌ನಲ್ಲಿ ಆನ್‌ಲೈನ್ ಮಾಡ್ಕೋತೀನಿ, ಅಡ್ಮಿಷನ್ ಆಯ್ತಲ್ಲ, ಇನ್ಯಾರು ನೋಡ್ತಾರೆ? ಅಪ್ಪಂಗೆ ಮಾತ್ರ ಹೇಳ್ಬೇಡ’ ಅನ್ನುತ್ತಾಳೆ. ನಮ್ಮವರಿಗೆ ಅರ್ಧಕ್ಕೆ ಬಿಡುವುದು ಅಂದರೆ ಆಗುವುದೇ ಇಲ್ಲ. ಇನ್ನೊಂದು ವಿಷಯ, ಫೆಬ್ರವರಿಯಿಂದ ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ರಾತ್ರಿ ಎಂಟರವರೆಗೆ ಮಲಗುತ್ತಾಳೆ, ಎದ್ದು ಎರಡು ಗಂಟೆವರೆಗೆ ಓದುತ್ತಾಳೆ. ಭಾನುವಾರದ ಕನ್ನಡ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಳು, ಅದನ್ನೂ ನಿಲ್ಲಿಸಿದ್ದಾಳೆ. ಸಹಿ ಹಾಕಲೇ, ಬೇಡವೇ?
– ಹೆಸರು ಬೇಡ, ಫ್ರೀಮಾಂಟ್

ಉತ್ತರ: ಸಹಿ ಹಾಕಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನಕ್ಕೆ ಕೂತು ಮಾತಾಡಬಹುದು.

ಕರ್ನಾಟಕದಲ್ಲಿ ಓದಿದವರಿಗೆ ಅಮೆರಿಕದ ಈ ಕ್ರಮ ಬೇಗ ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ ಪಿಯುಸಿ ಪರೀಕ್ಷೆ, ಸಿಇಟಿ, ರ‍್ಯಾಂಕು, ಕೌನ್ಸೆಲಿಂಗ್ ಎಲ್ಲ ಮುಗಿದು ಕೊನೆಗೆ ಸೀಟು. ಸೀಟು ಬಂತೆಂದರೆ ಹಳೇ ಪುಸ್ತಕ ಗುಜರಿಗೆ ಹಾಕಬಹುದು. ಅಲ್ಲಿ ಸೀಟು ಮಾರ್ಚ್‌ನಲ್ಲೇ ಬರುತ್ತದೆ, ಓದು ಜೂನ್‌ವರೆಗೆ ನಡೆಯುತ್ತದೆ. ಹಾಗಾಗಿ ಆ ಸೀಟು ಷರತ್ತಿನ ಮೇಲೆ ಕೊಟ್ಟದ್ದು. ಮಗಳ ಪೋರ್ಟಲ್‌ನಲ್ಲಿ ಪ್ರವೇಶದ ಷರತ್ತುಗಳು ಅಂತ ಒಂದು ಪುಟ ಇದ್ದೇ ಇರುತ್ತದೆ. ಅಭಿನಂದನೆಯ ಪತ್ರವನ್ನು ನಾಲ್ಕು ಸಲ ಓದಿರುತ್ತೀರಿ, ಈ ಪುಟವನ್ನು ಮನೆಯಲ್ಲಿ ಯಾರೂ ಓದಿರಲಿಕ್ಕಿಲ್ಲ. ಹನ್ನೆರಡನೇ ತರಗತಿಯಲ್ಲಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 3.0ಕ್ಕಿಂತ ಕೆಳಗಿಳಿಯಬಾರದು, ಯಾವುದರಲ್ಲೂ ಡಿ ಅಥವಾ ಎಫ್ ಗ್ರೇಡು ಬರಬಾರದು, ಹೈಸ್ಕೂಲ್ ಡಿಪ್ಲೊಮಾ ಕೈಗೆ ಬಂದಿರಬೇಕು, ಯಾವುದಾದರೂ ವಿಷಯ ಬಿಟ್ಟರೆ ಅಥವಾ ಬದಲಿಸಿದರೆ ತಿಳಿಸಬೇಕು ಎಂದು ಅದರಲ್ಲಿರುತ್ತದೆ. ಕೆಲವು ಕ್ಯಾಂಪಸ್‌ಗಳು ಎಂಜಿನಿಯರಿಂಗಿಗೆ ಇನ್ನೂ ಒಂದೆರಡು ಸೇರಿಸುತ್ತವೆ. ಇವತ್ತು ರಾತ್ರಿಯೇ ಇಬ್ಬರೂ ಕೂತು ಅದನ್ನು ಓದಿ.

‘ಇನ್ಯಾರು ನೋಡ್ತಾರೆ’ ಅಂದಳಲ್ಲ, ಅವಳು ಎಡವಿದ್ದು ಅಲ್ಲೇ. ಈ ಯೂನಿವರ್ಸಿಟಿಗೆ ಅರ್ಜಿ ಹಾಕುವಾಗ ಶಾಲೆಯ ಅಂಕಪಟ್ಟಿ ಕಳಿಸುವ ಪದ್ಧತಿ ಇಲ್ಲ. ಹಿಂದಿನ ಗ್ರೇಡುಗಳನ್ನೂ ಈ ವರ್ಷ ಓದಲಿರುವ ವಿಷಯಗಳನ್ನೂ ಮಕ್ಕಳು ತಾವೇ ತುಂಬುತ್ತಾರೆ, ಯೂನಿವರ್ಸಿಟಿ ಅದನ್ನು ನಂಬಿ ಸೀಟು ಕೊಡುತ್ತದೆ. ಶಾಲೆಯಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಹೋಗುವುದು ಓದು ಮುಗಿದ ಮೇಲೆ, ಜುಲೈ 1ರೊಳಗೆ. ಮಗಳು ತುಂಬಿದ್ದನ್ನೂ ಶಾಲೆ ಕಳಿಸಿದ್ದನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುವುದು ಆಗಲೇ. ನವೆಂಬರ್‌ನಲ್ಲಿ ಅರ್ಜಿಯಲ್ಲಿ ಬರೆದ ಎಪಿ ಗವರ್ನಮೆಂಟ್ ಜುಲೈನಲ್ಲಿ ಕಾಣದಿದ್ದರೆ ಕೇಳದೇ ಬಿಡುತ್ತಾರೆಯೇ?

2017ರ ಬೇಸಿಗೆಯಲ್ಲಿ ಇದೇ ಯೂನಿವರ್ಸಿಟಿಯ ಅರ್ವೈನ್ ಕ್ಯಾಂಪಸ್ ಸುಮಾರು 500 ಮಕ್ಕಳ ಪ್ರವೇಶವನ್ನು ಹಿಂದಕ್ಕೆ ಪಡೆಯಿತು. ಬಹಳ ಮಂದಿಯದು ಟ್ರಾನ್ಸ್‌ಕ್ರಿಪ್ಟ್ ತಡವಾದದ್ದು, ಕಾಗದಪತ್ರದ ತೊಡಕು. ಗಲಾಟೆಯಾಗಿ, ಚಾನ್ಸೆಲರ್ ಕ್ಷಮೆ ಕೇಳಿ, ಅಂಥವರಿಗೆ ಸೀಟು ವಾಪಸ್ ಸಿಕ್ಕಿತು. ಕೊನೆಯ ವರ್ಷದ ಗ್ರೇಡು ಬಿದ್ದವರಿಗೆ ಆ ಕ್ಷಮೆ ಅನ್ವಯಿಸಲಿಲ್ಲ, ಅವರು ಒಬ್ಬೊಬ್ಬರಾಗಿ ಮೇಲ್ಮನವಿ ಹಾಕಿಕೊಳ್ಳಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಆಗುವುದು ಇಂಥಲ್ಲೇ.

ಬೇಸಿಗೆಯಲ್ಲಿ ಆನ್‌ಲೈನ್ ಮಾಡಿಕೊಳ್ಳುವ ಮಾತು ಕೇಳಲು ಚೆನ್ನಾಗಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮುಗಿಸಲು ಒಂದು ಸೆಮಿಸ್ಟರ್ ಅಮೆರಿಕನ್ ಗವರ್ನಮೆಂಟ್, ಒಂದು ಸೆಮಿಸ್ಟರ್ ಎಕನಾಮಿಕ್ಸ್ ಓದಿರಲೇಬೇಕು, ಅದು ರಾಜ್ಯದ ಕಾನೂನು. ಕ್ಯಾಂಪಸ್ಸಿನವರು ದೊಡ್ಡ ಮನಸ್ಸು ಮಾಡಿದರೂ ಶಾಲೆ ಡಿಪ್ಲೊಮಾ ಕೊಡುವಂತಿಲ್ಲ. ಬೇಸಿಗೆಯ ಕೋರ್ಸ್ ಜೂನ್‌ನಲ್ಲಿ ಶುರುವಾಗಿ, ಮುಗಿದು, ಗ್ರೇಡು ಬಂದು, ಶಾಲೆ ಅದನ್ನು ಒಪ್ಪಿ, ಟ್ರಾನ್ಸ್‌ಕ್ರಿಪ್ಟ್‌ಗೆ ಏರಿಸಿ ಕಳಿಸುವಷ್ಟರಲ್ಲಿ ಜುಲೈ 1 ಎಂದೋ ದಾಟಿರುತ್ತದೆ. ಇಂಥ ಲೆಕ್ಕವನ್ನು ಗೆಳತಿಯರು ಯಾರಾದರೂ ಹಾಕಿಕೊಟ್ಟಿದ್ದರೆ ಅವರು ಜುಲೈನಲ್ಲಿ ಜೊತೆಗೆ ನಿಲ್ಲುವುದಿಲ್ಲ ಬಿಡಿ.

ಇಷ್ಟು ಫಾರಂ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ‘ಇನ್ನೊಂದು ವಿಷಯ’ ಅಂತ ನೀವು ಕೊನೆಯಲ್ಲಿ ಸೇರಿಸಿದ್ದು. ಸೀಟು ಬಂದದ್ದು ಮಾರ್ಚ್‌ನಲ್ಲಿ, ಅವಳು ಬ್ಯಾಗ್ ಎಸೆದು ಮಲಗಲು ಶುರುಮಾಡಿದ್ದು ಫೆಬ್ರವರಿಯಲ್ಲಿ. ಅಂದಮೇಲೆ ಇದು ಸೀಟು ಸಿಕ್ಕ ಸೊಕ್ಕಲ್ಲ. ಹುಡುಗಿ ದಣಿದಿದ್ದಾಳೆ, ಅಥವಾ ಆ ಕ್ಲಾಸಿನಲ್ಲೇ ಏನೋ ಆಗಿದೆ. ಮಕ್ಕಳಿಗೆ ಅಕ್ಷರ ತಿದ್ದಿಸುವುದು ಅವಳ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರುವ ಕೆಲಸವಲ್ಲ, ಇಷ್ಟಪಟ್ಟು ಮಾಡುತ್ತಿದ್ದದ್ದು. ಅದನ್ನೂ ಬಿಟ್ಟಿದ್ದಾಳೆ ಎಂದರೆ ಮೊದಲು ವಿಚಾರಿಸಬೇಕಾದದ್ದು ಅದನ್ನೇ.

ಹಾಗಾಗಿ ‘ಆಗಲ್ಲ’ ಅಂದು ಫಾರಂ ವಾಪಸ್ ಕೊಟ್ಟು ಎದ್ದುಹೋಗಬೇಡಿ. ಐದಾರು ವಿಷಯಗಳಲ್ಲಿ ಇದೊಂದೇ ಯಾಕೆ ಅಂತ ಕೇಳಿ. ಓದುವುದು ಬೆಟ್ಟದಷ್ಟಿದೆಯೇ? ಎದ್ದು ನಿಂತು ವಾದ ಮಾಡಬೇಕಾದ ಕ್ಲಾಸೇ, ಅಲ್ಲಿ ಯಾರಾದರೂ ಆಡಿಕೊಂಡರೇ? ಈಗ ಗ್ರೇಡು ಎಷ್ಟಿದೆ? ಕಾರಿನಲ್ಲಿ ಹೋಗುವಾಗ ಕೇಳಿದರೆ ಒಳ್ಳೆಯದು, ಮುಖ ನೋಡಬೇಕಾಗಿಲ್ಲದ ಕಡೆ ಈ ವಯಸ್ಸಿನವರು ಬಾಯಿ ಬಿಡುತ್ತಾರೆ.

ಓದಿನ ಭಾರವೇ ಆಗಿದ್ದರೆ ಬಿಡುವುದರ ಬದಲು ಬೇರೆ ದಾರಿಗಳಿವೆ. ಎಪಿ ಅಂದರೆ ಕಾಲೇಜು ಮಟ್ಟದ ಪಾಠ. ಅದೇ ಗವರ್ನಮೆಂಟ್ ಸಾಧಾರಣ ಮಟ್ಟದಲ್ಲೂ ಇರುತ್ತದೆ, ಡಿಪ್ಲೊಮಾಕ್ಕೆ ಅಷ್ಟು ಸಾಕು. ಏಪ್ರಿಲ್‌ನಲ್ಲಿ ಬದಲಾಯಿಸಲು ಎಲ್ಲ ಶಾಲೆಗಳೂ ಒಪ್ಪುವುದಿಲ್ಲ, ಆದರೂ ಕೌನ್ಸೆಲರ್‌ರನ್ನು ಕೇಳಬೇಕು. ಬದಲಿಸುವುದಾದರೆ ಮೊದಲು ಕ್ಯಾಂಪಸ್‌ನ ಅಡ್ಮಿಷನ್ ಕಚೇರಿಗೆ ಮಗಳೇ ಬರೆಯಲಿ, ಅಪ್ಪ ಅಮ್ಮನ ಹೆಸರಿನಲ್ಲಿ ಬೇಡ. ನಾಲ್ಕು ಸಾಲು ಸಾಕು: ‘ನನ್ನ ಅರ್ಜಿಯಲ್ಲಿ ಎಪಿ ಗವರ್ನಮೆಂಟ್ ಇದೆ. ಈ ಕಾರಣಕ್ಕೆ ಸಾಧಾರಣ ಮಟ್ಟದ ಗವರ್ನಮೆಂಟ್‌ಗೆ ಬದಲಾಯಿಸಿಕೊಳ್ಳಬೇಕೆಂದಿದ್ದೇನೆ. ಜೂನ್‌ನಲ್ಲಿ ಎಂದಿನಂತೆ ಗ್ರ್ಯಾಜುಯೇಟ್ ಆಗುತ್ತೇನೆ. ಇದರಿಂದ ನನ್ನ ಪ್ರವೇಶಕ್ಕೆ ತೊಂದರೆ ಇದೆಯೇ ತಿಳಿಸಿ.’ ಉತ್ತರ ಲಿಖಿತವಾಗಿ ಬರುವವರೆಗೆ ಶಾಲೆಯಲ್ಲಿ ಏನನ್ನೂ ಬದಲಿಸಬಾರದು.

ಶಾಲೆ ಒಪ್ಪದಿದ್ದರೆ ಮೇ ತಿಂಗಳ ಎಪಿ ಪರೀಕ್ಷೆ ಇದೆಯಲ್ಲ, ಅದನ್ನು ಕೈಬಿಡಬಹುದೇ ಎಂದು ಕೇಳಿ. ಕ್ಲಾಸಿನ ಗ್ರೇಡು ಬೇರೆ, ಆ ಪರೀಕ್ಷೆ ಬೇರೆ. ಕಾಲೇಜಿನಲ್ಲಿ ಸಿಗಬಹುದಾದ ಕ್ರೆಡಿಟ್ ಹೋಗುತ್ತದೆ, ಹೋಗಲಿ.

ಇನ್ನೊಂದು ಮಾತು ಹೇಳಿದರೆ ನಿಮ್ಮ ಯಜಮಾನರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಈ ಒಂದು ಕ್ಲಾಸಿನಲ್ಲಿ ‘ಸಿ’ ಬಂದರೂ ಪರವಾಗಿಲ್ಲ, ನಾವೇನೂ ಅನ್ನುವುದಿಲ್ಲ ಅಂತ ಮಗಳಿಗೆ ಬಾಯಿಬಿಟ್ಟು ಹೇಳಿ. ಒಟ್ಟು ಜಿಪಿಎ ಷರತ್ತಿನಲ್ಲಿ ಹೇಳಿದ್ದಕ್ಕಿಂತ ಕೆಳಗಿಳಿಯದಿದ್ದರೆ ಒಂದು ‘ಸಿ’ಯಿಂದ ಸಾಮಾನ್ಯವಾಗಿ ಸೀಟು ಹೋಗುವುದಿಲ್ಲ. ಒಂದನೇ ಕ್ಲಾಸಿನಿಂದ ‘ಎ’ ತಂದೇ ಅಭ್ಯಾಸವಾದ ಮಕ್ಕಳಿಗೆ ಎರಡೇ ದಾರಿ ಕಾಣುತ್ತದೆ, ‘ಎ’ ತರುವುದು ಅಥವಾ ಬಿಟ್ಟುಬಿಡುವುದು. ನಡುವೆ ಇನ್ನೊಂದು ದಾರಿ ಇದೆಯೆಂದು ನಮ್ಮ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ಅವಳು ಫಾರಂ ತಂದದ್ದು ಅದಕ್ಕೇ ಇರಬಹುದು ಎಂಬುದು ನನ್ನ ಅನುಮಾನ.

ಅಪ್ಪನಿಗೆ ಹೇಳಬೇಡ ಅಂದದ್ದಕ್ಕೆ ಹೂಂ ಅನ್ನಬೇಡಿ, ಹಾಗಂತ ನೀವೇ ಹೋಗಿ ಹೇಳಿಬಿಡಲೂ ಬೇಡಿ. ‘ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ’ ಅನ್ನಿ. ಅದಕ್ಕೆ ಮುಂಚೆ ಅವರಿಗೂ ಆ ಷರತ್ತಿನ ಪುಟ ತೋರಿಸಿ. ಕಾಗದ ಕೈಯಲ್ಲಿದ್ದರೆ ಗಂಡಸರು ಭಾಷಣ ಕಡಿಮೆ ಮಾಡುತ್ತಾರೆ.

ನಿದ್ದೆಯ ವಿಷಯವನ್ನು ಕ್ಲಾಸಿಗೆ ಗಂಟುಹಾಕಬೇಡಿ. ಕ್ಲಾಸಿನ ತಾಪತ್ರಯ ಮುಗಿದರೂ ಮುಗಿಯದಿದ್ದರೂ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ನೀವು ಹೊರಗೆ ಕೂತು ಅವಳೊಬ್ಬಳೇ ಮಾತಾಡಲು ಬಿಡಿ. ನಿಜವಾಗಿಯೂ ಕಾಯಿಲೆ ಅಥವಾ ಖಿನ್ನತೆ ಎಂದಾದರೆ ಶಾಲೆಯಲ್ಲಿ 504 ಪ್ಲ್ಯಾನ್ ಅಂತ ಕೇಳಿ. ಹೆಚ್ಚು ಸಮಯ, ಕಡಿಮೆ ಹೋಂವರ್ಕ್‌ನಂಥ ಅನುಕೂಲ ಅದರಡಿ ಸಿಗುತ್ತದೆ. ಡಾಕ್ಟರ ಪತ್ರವಿದ್ದು ಮೊದಲೇ ತಿಳಿಸಿದರೆ ಕ್ಯಾಂಪಸ್‌ನವರಿಗೂ ಪರಿಗಣಿಸಲು ಆಧಾರ ಇರುತ್ತದೆ.

ಕನ್ನಡ ಶಾಲೆಯವರಿಗೆ ಈ ವರ್ಷ ಬರುವುದಿಲ್ಲ ಎಂದು ನೀವೇ ತಿಳಿಸಿಬಿಡಿ. ಅಲ್ಲಿಂದ ಫೋನ್ ಬಂದಾಗಲೆಲ್ಲ ಅವಳು ನೆಪ ಹುಡುಕುವುದಾದರೂ ತಪ್ಪುತ್ತದೆ.