ಕೈ ಮೇಲೆ ಹಚ್ಚೆ ಇದ್ದರೆ ಮೇಷ್ಟ್ರ ಕೆಲಸ ಸಿಗುವುದಿಲ್ಲವೇ?

ನೀವು ಕೇಳಿದ್ದು ಇಷ್ಟು: ದಾವಣಗೆರೆಯಲ್ಲಿ ಬಿ.ಎಡ್. ಮುಗಿಸುತ್ತಿದ್ದೀರಿ. ತೀರಿಹೋದ ಅಪ್ಪನ ಸಹಿಯನ್ನು ಎಡ ಮುಂಗೈಯ ಒಳಬದಿಗೆ ಟ್ಯಾಟೂ ಹಾಕಿಸಿಕೊಂಡಿದ್ದೀರಿ. ಮುಂದಿನ ತಿಂಗಳು ಖಾಸಗಿ ಶಾಲೆಯೊಂದರಲ್ಲಿ ಗಣಿತದ ಡೆಮೊ ಕ್ಲಾಸ್ ಇದೆ. ಗೆಳೆಯರು ಮುಚ್ಚಿಕೊಂಡು ಹೋಗು ಅಂತಾರೆ, ಅಮ್ಮ ಲೇಸರ್ ಮಾಡಿಸಿ ತೆಗೆಸು ಅಂತಾರೆ, ರೂಮಿನಲ್ಲಿರುವ ಒಬ್ಬರು ‘ಟ್ಯಾಟೂ ಇದ್ದೋರಿಗೆ ಸರ್ಕಾರಿ ಕೆಲಸಾನೇ ಇಲ್ಲ’ ಎಂದು ಹೆದರಿಸಿದ್ದಾರೆ.

ತೆಗೆಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಓದುವುದರೊಳಗೆ ನೀವು ಯಾವುದಾದರೂ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತುಬಿಟ್ಟೀರಿ ಎಂಬ ಭಯ ನನಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಖಾಸಗಿ, ಸರ್ಕಾರಿ ಎರಡೂ ಸೇರಿ ಇಪ್ಪತ್ತೈದು ವರ್ಷ ದಾಟಿದೆ. ನನ್ನ ಬಲ ಮುಂಗೈ ಮೇಲೆ ಮಣಿಕಟ್ಟಿನಿಂದ ನಾಲ್ಕು ಬೆರಳಗಲದಷ್ಟು ಹಚ್ಚೆ ಇದೆ: ಒಂದು ಬಳ್ಳಿ, ಎರಡು ಬದಿಗೆ ಚುಕ್ಕಿ. ಒಂಬತ್ತು ವರ್ಷದವಳಿದ್ದಾಗ ನಾಯಕನಹಟ್ಟಿ ಜಾತ್ರೆಯಲ್ಲಿ ನಮ್ಮಜ್ಜಿ ಹಾಕಿಸಿದ್ದು. ಚಳ್ಳಕೆರೆ ಸೀಮೆಯವಳು ನಮ್ಮಜ್ಜಿ. ಅವಳ ಎರಡೂ ತೋಳು ಮೊಣಕೈವರೆಗೆ ಹಸಿರು. ಕೊರವರ ಹೆಂಗಸೊಬ್ಬಳು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿಟ್ಟುಕೊಂಡು, ಮೂರು ಸೂಜಿ ಒಟ್ಟಿಗೆ ಕಟ್ಟಿ, ಪದ ಹೇಳುತ್ತಾ ಚುಚ್ಚಿದಳು. ಪದ ಹೇಳುವುದು ನಾವು ಅಳಬಾರದು ಅಂತ. ನಾನು ಅತ್ತೆ. ಮೇಲೆ ಅರಿಶಿನ ತಿಕ್ಕಿದಾಗ ಇನ್ನೂ ಜೋರಾಗಿ ಅತ್ತೆ. ‘ಸತ್ತಾಗ ಮೈಮೇಲಿನ ಒಡವೆನೆಲ್ಲ ಬಿಚ್ಕೊಂತಾರೆ ಕಣವ್ವ, ಇದೊಂದು ಬಿಚ್ಚಾಕಾಗಲ್ಲ’ ಅಂತ ಅಜ್ಜಿ ಸಮಾಧಾನ ಹೇಳಿದ್ದು ನೆನಪಿದೆ.

1997ರಲ್ಲಿ, ದಾವಣಗೆರೆ ಹೊಸದಾಗಿ ಜಿಲ್ಲೆಯಾದ ವರ್ಷ, ಇದೇ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ ಸಂದರ್ಶನಕ್ಕೆ ಹೋದೆ. ಪಾಠ ಚೆನ್ನಾಗಿಯೇ ಆಯಿತು. ಆಮೇಲೆ ಆಡಳಿತ ಮಂಡಳಿಯವರೊಬ್ಬರು ನನ್ನ ಕೈ ನೋಡಿ, ‘ಏನಮ್ಮ, ಹಳ್ಳಿ ಹೆಂಗಸರ ಥರ ಇದು? ಪೇರೆಂಟ್ಸ್ ನೋಡಿದ್ರೆ ಏನಂದ್ಕೊಂತಾರೆ?’ ಅಂದರು. ಕೆಲಸ ಕೊಟ್ಟರು, ಉದ್ದ ತೋಳಿನ ರವಿಕೆಯ ಷರತ್ತಿನ ಮೇಲೆ. ಮೂರು ವರ್ಷ ಹಾಗೇ ಹೋದೆ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ಬೋರ್ಡಿನ ಮೇಲ್ತುದಿಗೆ ಬರೆಯಲು ಕೈ ಎತ್ತಿದರೆ ತೋಳು ಜಾರುತ್ತದೆಂದು ನಾನು ಬೋರ್ಡಿನ ಅರ್ಧದಿಂದ ಕೆಳಗೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರಿಗೆ ಕಾಣಿಸುತ್ತಿರಲಿಲ್ಲ. ಆ ಮೂರು ವರ್ಷದ ಬಗ್ಗೆ ನನಗೆ ಇವತ್ತಿಗೂ ನೋವಿರುವುದು ರವಿಕೆಗಲ್ಲ, ಕಾಣದೆ ಹೋದ ಆ ಬೋರ್ಡಿಗೆ.

ಆಗ ಹಚ್ಚೆ ಅಂದರೆ ಹಳ್ಳಿಮುಕ್ಕತನ. ಈಗ ನಿಮ್ಮನ್ನು ಕಂಡರೆ ‘ಶಿಸ್ತಿಲ್ಲದ ಹುಡುಗ’ ಅಂತಾರೆ. ಕಾರಣ ಬದಲಾಗಿದೆ, ನೋಟ ಅದೇ.

ಇನ್ನು ಸರ್ಕಾರಿ ಕೆಲಸದ ಮಾತು. ನಿಮ್ಮ ರೂಮಿನವರು ಬೇಕೆಂದೇ ಸುಳ್ಳು ಹೇಳಿರಲಾರರು. ಒಂದೇ ರೂಮಿನಲ್ಲಿ ಒಬ್ಬ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಒಬ್ಬ ಪೊಲೀಸ್‌ಗೆ, ಇನ್ನೊಬ್ಬ ಸೈನ್ಯಕ್ಕೆ ಓದುತ್ತಿರುತ್ತಾರೆ. ಒಬ್ಬರ ನಿಯಮ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಹಚ್ಚೆಗೆ ನಿಜವಾಗಿಯೂ ಕಟ್ಟುನಿಟ್ಟಿದೆ: ಮುಂಗೈಯ ಒಳಬದಿ, ಅದೂ ಸೆಲ್ಯೂಟ್ ಹೊಡೆಯದ ಎಡಗೈ, ಇಲ್ಲವೇ ಅಂಗೈಯ ಹಿಂಬದಿ, ಆ ಭಾಗದ ಕಾಲಂಶಕ್ಕಿಂತ ಚಿಕ್ಕದಿರಬೇಕು. ಸೈನ್ಯದಲ್ಲೂ ಜಾಗದ ಮಿತಿ ಇದೆ, ಬುಡಕಟ್ಟಿನವರಿಗೆ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿಯೂ ಇದೆ. ಅಲ್ಲೂ ನಿಮ್ಮ ಎಡಗೈಯ ಸಹಿ ಪಾಸಾಗುವ ಜಾಗದಲ್ಲೇ ಇದೆ ನೋಡಿ. ಶಿಕ್ಷಕರ ನೇಮಕಾತಿಯ ಅಧಿಸೂಚನೆಗಳಲ್ಲಿ ಇಂಥ ಷರತ್ತನ್ನು ನಾನು ಕಂಡಿಲ್ಲ. 2022ರಲ್ಲಿ ಹದಿನೈದು ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಅಲ್ಲಿ ಲೆಕ್ಕಕ್ಕೆ ಬಂದದ್ದು ಆ ಪರೀಕ್ಷೆ, ಟಿಇಟಿ, ಪದವಿ, ಬಿ.ಎಡ್. ಅಂಕಗಳು, ಕೈ ನೋಡುವ ಸಂದರ್ಶನವೇ ಇರಲಿಲ್ಲ. ಬೇರೆ ರಾಜ್ಯಗಳು ಬಟ್ಟೆಯ ಬಗ್ಗೆ ಆದೇಶ ಹೊರಡಿಸಿವೆ. ಅಸ್ಸಾಂ 2023ರಲ್ಲಿ, ಮಹಾರಾಷ್ಟ್ರ 2024ರಲ್ಲಿ ಶಿಕ್ಷಕರಿಗೆ ಜೀನ್ಸ್, ಟೀ ಶರ್ಟ್ ಬೇಡ ಎಂದವು. ಅದು ಉಡುಪಿನ ಮಾತು, ಚರ್ಮದ್ದಲ್ಲ.

ನನ್ನದೇ ಒಂದು ಸಾಕ್ಷಿ ಕೊಡುತ್ತೇನೆ. ಸರ್ಕಾರಿ ನೌಕರರಾದ ಮೇಲೆ ಎಸ್.ಆರ್. ಅಂದರೆ ಸೇವಾ ಪುಸ್ತಕ ತೆರೆಯುತ್ತಾರೆ. ಅದರ ಮೊದಲ ಪುಟದಲ್ಲಿ ಎತ್ತರದ ಜೊತೆಗೆ ‘ಗುರುತಿನ ಚಿಹ್ನೆಗಳು’ ಎಂದು ಒಂದು ಅಂಕಣ ಇರುತ್ತದೆ. ಗುಮಾಸ್ತರು ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ ಬರೆದರು: ‘ಬಲ ಮುಂಗೈ ಮೇಲೆ ಹಚ್ಚೆ.’ ಮೂರು ವರ್ಷ ಮುಚ್ಚಿಟ್ಟದ್ದು ಸರ್ಕಾರಿ ಕಾಗದದ ಮೇಲೆ ನನ್ನ ಗುರುತಾಯಿತು. ಮಾರನೆಯ ದಿನ ಗಿಡ್ಡ ತೋಳಿನ ರವಿಕೆಯಲ್ಲೇ ಶಾಲೆಗೆ ಹೋದೆ.

ಮೊದಲ ಪೋಸ್ಟಿಂಗ್ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಒಂದು ದಿನ ಒಬ್ಬ ತಾಯಿ ಮಗಳ ಟಿಸಿ ಕೇಳಿಕೊಂಡು ಬಂದಳು. ಒಂಬತ್ತನೇ ತರಗತಿ, ಓದುವ ಹುಡುಗಿ. ತಾಯಿ ಕುರ್ಚಿ ಬೇಡವೆಂದು ಬಾಗಿಲ ಹತ್ತಿರ ನೆಲಕ್ಕೆ ಕೂತು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಏನು ಕೇಳಿದರೂ ‘ಟಿಸಿ ಕೊಡ್ರಿ’ ಒಂದೇ ಮಾತು. ರಿಜಿಸ್ಟರ್ ತೆಗೆಯಲು ನಾನು ಕೈ ಚಾಚಿದೆ. ‘ಎಲ್ಲಿ ಹಾಕ್ಸಿದ್ದು ಮೇಡಮ್ಮ ಇದು?’ ಅಂದಳು. ಹಟ್ಟಿ ಜಾತ್ರೆಯಲ್ಲಿ ಅಂದೆ. ಸೆರಗಿನಿಂದ ತನ್ನ ಕೈ ಹೊರಗೆ ತೆಗೆದು ತೋರಿಸಿದಳು, ಅದೇ ಬಳ್ಳಿ, ಚುಕ್ಕಿ ಮಾತ್ರ ಒಂದೇ ಬದಿ. ಅರ್ಧ ಗಂಟೆ ಹಚ್ಚೆಯ ಮಾತೇ ಆಯಿತು. ಆಮೇಲೆ ನಿಜವಾದ ವಿಷಯ ಹೇಳಿದಳು: ಬಸ್ಸಿಳಿದು ಊರಿಗೆ ನಡೆಯುವ ದಾರಿಯಲ್ಲಿ ಕೆಲವು ಹುಡುಗರ ಕಾಟ. ಅದಕ್ಕೆ ಪರಿಹಾರ ಇತ್ತು, ಮಾಡಿದೆವು. ಟಿಸಿ ಒಯ್ಯಲಿಲ್ಲ. ಉದ್ದ ತೋಳಿನ ರವಿಕೆಯಲ್ಲಿ ಕೂತಿದ್ದರೆ ಆ ತಾಯಿಗೆ ನಾನು ಇನ್ನೊಬ್ಬ ಆಫೀಸಿನವಳು, ಅಷ್ಟೆ.

ಹಾಗಂತ ಹಚ್ಚೆ ಯಾವುದಾದರೂ ಸರಿ, ಎಲ್ಲಿದ್ದರೂ ಸರಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ಓದಿ.

ನಮ್ಮ ಕಡೆಯ ತರಗತಿಯನ್ನು ಕಣ್ಮುಂದೆ ತಂದುಕೊಳ್ಳಿ. ಗೊಲ್ಲರ ಹಟ್ಟಿಯಿಂದ ಬಂದವರು, ಲಂಬಾಣಿ ತಾಂಡಾದವರು, ಅಡಿಕೆ ತೋಟ ಇರುವವರ ಮಕ್ಕಳು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳು, ಎಲ್ಲರೂ ಒಂದೇ ಕೋಣೆ. ಅಲ್ಲಿ ಮೇಷ್ಟ್ರ ಕೈ ಮೇಲೆ ಜಾತಿಯ ಗುರುತೋ, ಪಕ್ಷದ ಚಿಹ್ನೆಯೋ ಇದ್ದರೆ ಒಂದು ಮಗು ‘ಸಾರ್ ನಮ್ಮೋರು’ ಅನ್ನುತ್ತದೆ. ಪಕ್ಕದ ಮಗು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ‘ನಮ್ಮೋರಲ್ಲ’ ಎಂದು ಅದಕ್ಕೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಆಮೇಲೆ ನೀವು ಎಷ್ಟೇ ನ್ಯಾಯವಾಗಿ ಅಂಕ ಕೊಟ್ಟರೂ ಆ ಮಗು ನಂಬುವುದು ಕಷ್ಟ. ನಮ್ಮಲ್ಲೊಬ್ಬ ಅತಿಥಿ ಶಿಕ್ಷಕ ಇದ್ದ. ಒಳ್ಳೆಯ ಹುಡುಗ, ಪಾಠವೂ ಒಳ್ಳೆಯದು. ಕೈ ಮೇಲೆ ಅಂಥದೊಂದು ಗುರುತಿತ್ತು. ಹದಿನೈದು ದಿನದಲ್ಲಿ ಹುಡುಗರು ಕೂರುವ ಬೆಂಚುಗಳೇ ಎರಡು ಪಾಲಾದವು. ಯಾರೂ ಹೇಳದೆ ಅವನೇ ತುಂಬು ತೋಳಿನ ಅಂಗಿ ಹಾಕತೊಡಗಿದ. ಆ ಮುಚ್ಚುವಿಕೆಯನ್ನು ನಾನು ಗೌರವಿಸುತ್ತೇನೆ. ದೇವರ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ, ಕೊರಳಿನ ಲಿಂಗ, ತಾಯತ, ಶಿಲುಬೆ ಇದ್ದ ಹಾಗೆಯೇ ಅದು. ಸಿನಿಮಾ ಹೀರೋ ಮುಖ ಮಾತ್ರ ಬೇಡ. ಎಂಟನೇ ತರಗತಿಯ ಹುಡುಗರಲ್ಲಿ ಅಭಿಮಾನಿಗಳ ಜಗಳ ಎಷ್ಟು ಹೊತ್ತು ನಡೆಯುತ್ತದೆಂದು ಒಂದು ವಾರ ಕಳೆದರೆ ನಿಮಗೇ ತಿಳಿಯುತ್ತದೆ.

ಮಕ್ಕಳ ವಯಸ್ಸೂ ಮುಖ್ಯ. 2020ರಲ್ಲಿ ಫ್ರಾನ್ಸಿನಿಂದ ಒಂದು ಸುದ್ದಿ ಬಂದಿತ್ತು. ಮುಖ, ಕಣ್ಣಿನ ಬಿಳಿಭಾಗವನ್ನೂ ಬಿಡದೆ ಮೈಯೆಲ್ಲ ಟ್ಯಾಟೂ ಹಾಕಿಸಿಕೊಂಡ ಶಿಕ್ಷಕರೊಬ್ಬರನ್ನು ನೋಡಿ ಮೂರು ವರ್ಷದ ಮಗುವೊಂದಕ್ಕೆ ಕೆಟ್ಟ ಕನಸು ಬೀಳುತ್ತಿದೆ ಎಂದು ತಂದೆತಾಯಿ ದೂರಿದರು; ಅವರನ್ನು ಶಿಶುವಿಹಾರದ ಮಕ್ಕಳಿಂದ ದೂರವಿಟ್ಟು, ದೊಡ್ಡ ಮಕ್ಕಳಿಗೆ ಪಾಠ ಮಾಡಲು ಬಿಟ್ಟರು. ಅಷ್ಟು ದೂರದ ಉದಾಹರಣೆ ನಿಮಗೆ ಹೊಂದುವುದಿಲ್ಲ. ಅಂಗೈ ಅಗಲದ ಸಹಿಗೆ ಹೈಸ್ಕೂಲಿನ ಮಕ್ಕಳು ಒಂದು ವಾರ ಕಣ್ಣು ಹಾಯಿಸುತ್ತಾರೆ, ಆಮೇಲೆ ಮರೆಯುತ್ತಾರೆ.

ಒಂದು ಆಕ್ಷೇಪ ಮಾತ್ರ ನಿಜವಾಗಿ ತೂಕದ್ದು: ಮಕ್ಕಳು ಅನುಕರಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ನನ್ನ ಹತ್ತನೇ ತರಗತಿಯ ಹುಡುಗರು ಬೀದಿಬದಿಯ ಮಷೀನಿನಲ್ಲಿ ಹೆಸರು ಕೊರೆಸಿಕೊಂಡು ಬಂದಿದ್ದಾರೆ. ಸೂಜಿ ಬದಲಾಯಿಸಿದರಾ ಅಂತ ಕೇಳಿದರೆ ಒಬ್ಬನೂ ನೋಡಿರಲಿಲ್ಲ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ಒಬ್ಬರ ರಕ್ತ ತಗುಲಿದ ಸೂಜಿಯಿಂದ ಇನ್ನೊಬ್ಬರಿಗೆ ದಾಟಬಲ್ಲವು. ನಮ್ಮ ದೇಶದಲ್ಲಿ ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತ ಪಡೆಯದಿರುವುದು ಇದೇ ಕಾರಣಕ್ಕೆ. ನಿಮ್ಮ ಟ್ಯಾಟೂ ಹೊಸದಾಗಿದ್ದರೆ ಕಾಲೇಜಿನ ರಕ್ತದಾನ ಶಿಬಿರದಲ್ಲಿ ಇದನ್ನು ಹೇಳಲು ಮರೆಯಬೇಡಿ. ಈ ಮಾತನ್ನು ಹಚ್ಚೆ ಇಲ್ಲದ ಮೇಷ್ಟ್ರು ಹೇಳಿದರೆ ಹುಡುಗರಿಗೆ ಉಪದೇಶ. ನಾನು ನನ್ನ ಕೈ ಮುಂದಿಟ್ಟು ಹೇಳಿದಾಗ ಕೇಳಿದ್ದಾರೆ. ನೀವೂ ಹೇಳಬೇಕಾಗುತ್ತದೆ, ತಯಾರಿರಿ.

ಪಾಠಕ್ಕೂ ಅದು ಒದಗುತ್ತದೆ. ಹತ್ತನೇ ತರಗತಿಗೆ ಬೆಳಕಿನ ಚದುರುವಿಕೆ ಹೇಳುವಾಗ ನಾನು ಕೇಳುತ್ತೇನೆ: ಹಾಕಿದ್ದು ಕಪ್ಪು ಕಾಡಿಗೆ, ಕಾಣುವುದು ಹಸಿರು ನೀಲಿ, ಯಾಕೆ? ಚರ್ಮದೊಳಗೆ ಇಳಿದ ಕೆಂಪು ಬೆಳಕನ್ನು ಇಂಗಾಲ ಹೀರಿಕೊಳ್ಳುತ್ತದೆ, ನೀಲಿ ಮೇಲ್ಪದರದಲ್ಲೇ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ರಕ್ತನಾಳ ನೀಲಿಯಾಗಿ ಕಾಣುವುದರ ಹಿಂದೆಯೂ ಇಂಥದೇ ಕಾರಣ. ಮಕ್ಕಳು ತಮ್ಮ ಮಣಿಕಟ್ಟು ತಿರುಗಿಸಿ ನೋಡಿಕೊಳ್ಳುತ್ತಾರೆ.

ಲೇಸರ್ ಯಾಕೆ ಬೇಡ ಅಂದೆ ಅಂದರೆ, ಅದು ಒಂದು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಬಣ್ಣ ಕೂತಿರುವುದು ಚರ್ಮದ ಎರಡನೇ ಪದರದಲ್ಲಿ. ಲೇಸರ್ ಅದನ್ನು ಪುಡಿ ಮಾಡುತ್ತದೆ, ದೇಹ ನಿಧಾನಕ್ಕೆ ಸಾಗಿಸುತ್ತದೆ. ಆರು, ಎಂಟು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಹೋಗಬೇಕು, ನಡುವೆ ಆರೆಂಟು ವಾರದ ಬಿಡುವು. ನಮ್ಮಂಥ ಕಂದು ಮೈಬಣ್ಣಕ್ಕೆ ಬಿಳಿ ಮಚ್ಚೆ ಅಥವಾ ಕಪ್ಪು ಕಲೆ ಉಳಿಯುವ ಸಾಧ್ಯತೆ ಹೆಚ್ಚು. ಮುಂದೆಂದಾದರೂ ನಿಮಗೇ ಬೇಡವೆನಿಸಿದರೆ ಚರ್ಮರೋಗ ತಜ್ಞರ ಹತ್ತಿರ ಮಾತ್ರ ಹೋಗಿ. ಸುಣ್ಣ, ಸೋಡಾ ಹಚ್ಚಿ ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಅಮ್ಮನಿಗೆ ಇದನ್ನು ಜಗಳವಾಡದೆ ಹೇಳಿ. ಅವರಿಗಿರುವುದು ನಿಮ್ಮ ಕೆಲಸದ ಚಿಂತೆ.

ಡೆಮೊಗೆ ತುಂಬು ತೋಳಿನ ಅಂಗಿ ಹಾಕಿ. ಇದು ಮರೆಮಾಚುವುದಲ್ಲ, ಗಂಡಸರು ಸಂದರ್ಶನಕ್ಕೆ ಹೇಗೂ ಅದನ್ನೇ ಹಾಕುತ್ತಾರೆ. ಅವರು ಮೊದಲು ನಿಮ್ಮ ಪಾಠ ನೋಡಲಿ. ಆದರೆ ಆಯ್ಕೆಯಾದ ಮೇಲೆ, ಸೇರುವ ಪತ್ರಕ್ಕೆ ಸಹಿ ಹಾಕುವ ಮೊದಲು, ಪ್ರಿನ್ಸಿಪಾಲರ ಎದುರು ತೋಳು ಮಡಚಿ ತೋರಿಸಿ: ‘ಸಾರ್, ಇದು ಇದೆ. ನಿಮ್ಮ ಶಾಲೆಯಲ್ಲಿ ಏನು ನಿಯಮ?’ ಖಾಸಗಿ ಶಾಲೆಗೆ ತನ್ನದೇ ನಿಯಮ ಇರಬಹುದು. ಮುಚ್ಚಿಕೊಳ್ಳಿ ಅಂದರೆ ಒಪ್ಪುವುದೋ ಬಿಡುವುದೋ ನಿಮ್ಮ ಇಷ್ಟ, ಮನೆಯ ಪರಿಸ್ಥಿತಿ ನೋಡಿ ತೀರ್ಮಾನಿಸಿ. ಒಪ್ಪಿದರೆ ಬೋರ್ಡಿನ ಮೇಲ್ತುದಿಯಿಂದಲೇ ಬರೆಯಿರಿ, ತೋಳು ಜಾರಿದರೆ ಜಾರಲಿ. ಹೇಳದೆ ಮಾತ್ರ ಸೇರಬೇಡಿ. ಲ್ಯಾಬಿನಲ್ಲೋ, ಆಟದ ದಿನ ಬಿದ್ದ ಮಗುವನ್ನು ಎತ್ತುವಾಗಲೋ ತೋಳು ಮೇಲೇರಿಯೇ ಏರುತ್ತದೆ. ಆಗ ಮಾತು ಟ್ಯಾಟೂ ಬಿಟ್ಟು ‘ಮುಚ್ಚಿಟ್ಟಿದ್ದ’ ಅನ್ನುವುದಕ್ಕೆ ತಿರುಗುತ್ತದೆ.

ಮಕ್ಕಳು ಕೇಳೇ ಕೇಳುತ್ತಾರೆ, ‘ಸರ್, ಏನಿದು?’ ಅಂತ. ಗದರಬೇಡಿ, ದೊಡ್ಡ ಕಥೆಯೂ ಬೇಡ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ನೀವೇ ಬರೆದಿದ್ದೀರಲ್ಲ, ಅದನ್ನೇ ಹೇಳಿ ಲೆಕ್ಕಕ್ಕೆ ಮರಳಿ: ‘ನನ್ನ ಮಾರ್ಕ್ಸ್ ಕಾರ್ಡಿಗೆ ನಮ್ಮಪ್ಪ ಹಾಕ್ತಿದ್ದ ಸಹಿ ಇದು.’