ಗರ್ಭಕೋಶದ ಬಾಯಲ್ಲಿ ಹುಣ್ಣು ಅಂದ್ರೆ ಗರ್ಭಕೋಶ ತೆಗೆಸಲೇಬೇಕಾ? – ಪ್ರತಿಕ್ರಿಯೆ

ನಿಮ್ಮ ಪ್ರಶ್ನೆ ನೋಡ್ದೆ. 32 ವರ್ಷ, ಬಿಳಿ ಸೆರಗು ಜಾಸ್ತಿ, ಗಂಡನ ಜೊತೆ ಸೇರಿದ್ಮೇಲೆ ಸ್ವಲ್ಪ ರಕ್ತ, ಡಾಕ್ಟ್ರು ಚೀಟಿಲಿ ಎರೋಷನ್ (ಗರ್ಭಕೋಶದ ಬಾಯಲ್ಲಿ ಹುಣ್ಣು) ಅಂತ ಬರೆದು ಗರ್ಭಕೋಶ ತೆಗೆಸಿ ಅಂದಿದಾರೆ ಅಂದ್ರೆ ಅದು ಹೆಚ್ಚಾಗಿ ಎಕ್ಟ್ರೋಪಿಯನ್. ಹುಣ್ಣಲ್ಲ ಅದು, ಒಳಗಿನ ಮೆತ್ತನೆ ಪದರ ಹೊರಗೆ ಬಂದಿರುತ್ತೆ, ಅದಕ್ಕೇ ಕೆಂಪಗೆ ಕಾಣೋದು, ತಾಗಿದ್ರೆ ರಕ್ತ ಬರೋದು. ಗರ್ಭನಿರೋಧಕ ಮಾತ್ರೆ ತಗೊಳೋರಿಗೂ ಆಗುತ್ತೆ. ನನಗೂ ಇದೇ ಆಗಿತ್ತು, ಆಪರೇಷನ್ ಬೇಕಾಗ್ಲಿಲ್ಲ. ಇದೊಂದಕ್ಕೇ ಗರ್ಭಕೋಶ ತೆಗೆಸ್ಬೇಡಿ ದಯವಿಟ್ಟು.

ಆದ್ರೆ ಇನ್‌ಫೆಕ್ಷನ್ನು, ಕ್ಯಾನ್ಸರಿಗೆ ಮುಂಚಿನ ಬದಲಾವಣೆನೂ ಬರಿಗಣ್ಣಿಗೆ ಹೀಗೇ ಕಾಣಬಹುದು, ಟೆಸ್ಟ್ ಮಾಡದೆ ನಾನಾಗ್ಲಿ ಯಾರೇ ಆಗ್ಲಿ ಖಚಿತವಾಗಿ ಹೇಳಕ್ಕಾಗಲ್ಲ. ಅರಸೀಕೆರೆ ಅಂದ್ರಲ್ಲ, ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಹೆರಿಗೆ-ಸ್ತ್ರೀರೋಗ ಓಪಿಡಿಗೆ ಹೋಗಿ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡೋ ಟೆಸ್ಟ್) ಕೇಳಿ, ಸಾಧ್ಯ ಆದ್ರೆ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣ ಆಗೋ ವೈರಸ್) ಟೆಸ್ಟೂ. ಮುಟ್ಟಿನ ದಿನ ಬೇಡ, ಟೆಸ್ಟಿಗೆ ಹಿಂದಿನ 2 ದಿನ ಸೇರೋದು, ಒಳಗಿಡೋ ಮಾತ್ರೆ ಎರಡೂ ಬೇಡ. ಸಣ್ಣ ಬ್ರಷ್‌ನಲ್ಲಿ ಗರ್ಭಕೋಶದ ಬಾಯಿ ಸುತ್ತ ಸವರಿ ತಗೋತಾರೆ, ನೋವು ಅನ್ನೋದಕ್ಕಿಂತ ಒತ್ತಿದಂಗೆ ಅನ್ಸುತ್ತೆ, ಉಸಿರು ಬಿಗಿ ಹಿಡೀಬೇಡಿ ಅಷ್ಟೆ.

ಇನ್‌ಫೆಕ್ಷನ್ ಇದ್ರೆ ಮಾತ್ರೆ, ಕೆಲವಕ್ಕೆ ಗಂಡನಿಗೂ ಕೊಡ್ಬೇಕು, ಇಲ್ಲಾಂದ್ರೆ ತಿರುಗಿ ಬರುತ್ತೆ. ರಿಪೋರ್ಟ್ ನಾರ್ಮಲ್ ಇದ್ದು ತೊಂದ್ರೆ ಕಮ್ಮಿ ಇದ್ರೆ ಸುಮ್ನೆ ಬಿಡ್ಬಹುದು, ಜಾಸ್ತಿ ಇದ್ರೆ ಕ್ರಯೋ (ತಣ್ಣಗೆ ಹೆಪ್ಪುಗಟ್ಟಿಸೋದು) ಅಥವಾ ಕಾಟರಿ (ಸುಡೋದು) ಮಾಡ್ತಾರೆ, ಅವತ್ತೇ ಮನೆಗೆ ಬರ್ಬಹುದು. ರಿಪೋರ್ಟಲ್ಲಿ ಏನಾದ್ರೂ ಬಂದ್ರೆ ಕಾಲ್ಪೋಸ್ಕೋಪಿ (ಆ ಜಾಗನ ದೊಡ್ಡದಾಗಿ ಕಾಣಿಸೋ ಯಂತ್ರದಲ್ಲಿ ನೋಡೋದು), ಬೇಕಾದ್ರೆ ಬಯಾಪ್ಸಿ (ಸಣ್ಣ ಚೂರು ತೆಗೆದು ಪರೀಕ್ಷೆ). ಕ್ಯಾನ್ಸರಿಗೆ ಮುಂಚಿನ ಹಂತ ಅಂತ ಬಂದ್ರೂ ಸಾಮಾನ್ಯವಾಗಿ ಅಷ್ಟು ಭಾಗ ಮಾತ್ರ ತೆಗೀತಾರೆ.

ವಾಸನೆ ಬರ್ತಿದ್ರೆ, ಮುಟ್ಟಿಲ್ಲದೇ ಇರುವಾಗ್ಲೂ ರಕ್ತ ಹೋಗ್ತಿದ್ರೆ ಈ ವಾರನೇ ಹೋಗಿ, ಹಳೇ ಸ್ಕ್ಯಾನು ಚೀಟಿ ಎಲ್ಲಾ ಇಟ್ಕೊಳ್ಳಿ.