ಹೊಸ ಹಾಫ್ಸ್ ಜೋಡಿ: ಚೆಂಡು ಇಲ್ಲದವನನ್ನು ನೋಡಿ

ಹಾಫ್‌ಬ್ಯಾಕ್, ಫೈವ್-ಎಯ್ತ್ (ರಗ್ಬಿ ಲೀಗ್‌ನಲ್ಲಿ ದಾಳಿ ನಡೆಸುವ ‘ಹಾಫ್ಸ್’ ಜೋಡಿ) ಇಬ್ಬರೂ ಒಳ್ಳೇ ಆಟಗಾರರು, ಆದರೂ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಗಳಿಸುವ ಅಂಕ) ಯಾಕೆ ಬರ್ತಿಲ್ಲ ಅಂತ ಕೇಳಿದ್ದೀರಿ. ಚೆಂಡು ಹಿಡಿದವನನ್ನು ಬಿಟ್ಟು ಇನ್ನೊಬ್ಬನನ್ನು ಗಮನಿಸಿ. ಹಾಫ್‌ಬ್ಯಾಕ್ ಪಕ್ಕದಲ್ಲಿ ಸೆಕೆಂಡ್ ರೋವರ್ (ಫಾರ್ವರ್ಡ್ ಆಟಗಾರ) ಡಿಫೆನ್ಸ್ ಕಡೆ ನೇರವಾಗಿ ನುಗ್ಗುತ್ತಾನೆ, ಫೈವ್-ಎಯ್ತ್ ಅವನ ಬೆನ್ನ ಹಿಂದೆ ಪಾಸ್ ತಗೋಬೇಕು. ಅರ್ಧ ಹೆಜ್ಜೆ ಮುಂಚೆ ಬಂದರೂ ಮುಗೀತು. ಡಿಫೆಂಡರ್‌ಗಳಿಗೆ ಚೆಂಡು ಯಾರಿಗೆ ಅಂತ ಗೊಂದಲವೇ ಆಗುವುದಿಲ್ಲ, ಆರಾಮಾಗಿ ಪಕ್ಕಕ್ಕೆ ಸರಿದು ತಡೆಯುತ್ತಾರೆ. ಕಂಠೀರವದಲ್ಲಿ ಕಬಡ್ಡಿ ನೋಡಿದ್ದರೆ ಗೊತ್ತಿರುತ್ತದೆ, ಕಾರ್ನರ್ ಮತ್ತು ಕವರ್ ಒಟ್ಟಿಗೆ ಎರಗದಿದ್ದರೆ ರೈಡರ್ ಕೈಗೆ ಸಿಗೋದಿಲ್ಲ. ಇದೂ ಹಾಗೇ.

ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಲೀಗ್‌ನಲ್ಲಿ ಪೆನ್ರಿತ್ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದಾಗ ಹೆಚ್ಚಾಗಿ ಹಾಫ್‌ಬ್ಯಾಕ್ ಕ್ಲಿಯರಿ ಬಲಕ್ಕೆ, ಫೈವ್-ಎಯ್ತ್ ಲುವಾಯಿ ಎಡಕ್ಕೆ. ಲುವಾಯಿ 2025ಕ್ಕೆ ವೆಸ್ಟ್ಸ್ ಟೈಗರ್ಸ್ ತಂಡ ಸೇರಿದರು. ಆ ವರ್ಷ ಪೆನ್ರಿತ್ ಒಂದು ಹಂತದಲ್ಲಿ ಪಟ್ಟಿಯ ತಳಕ್ಕೆ ಬಿತ್ತು, ಆಮೇಲೆ ಸಾಲಾಗಿ ಗೆದ್ದು ಫೈನಲ್ಸ್‌ಗೂ ಹೋಯಿತು. ತಳಕ್ಕೆ ಬೀಳೋಕೆ ಲುವಾಯಿ ಹೋದದ್ದೊಂದೇ ಕಾರಣ ಅಂತ ಹೇಳಲ್ಲ, ಆದರೆ ಎಡಬದಿಯ ದಾಳಿಯನ್ನು ಮತ್ತೆ ಕಟ್ಟಬೇಕಾಗಿತ್ತು ಅಲ್ವಾ.

ಹಾಗಾಗಿ ಜೋಡಿಯನ್ನು ಈಗಲೇ ಬೈಯಬೇಡಿ. ಒಂದು ತಂಡ ಆರನೇ ಟ್ಯಾಕಲ್‌ಗೆ ಚೆಂಡು ಬಿಟ್ಟುಕೊಡಬೇಕು, ಅದಕ್ಕೇ ಐದನೇದಾದ ಮೇಲೆ ಸಾಮಾನ್ಯವಾಗಿ ಕಿಕ್ ಮಾಡ್ತಾರೆ. ಮುಂದಿನ ಪಂದ್ಯದಲ್ಲಿ ಐದನೇ ಟ್ಯಾಕಲ್ ಆದ ಮೇಲೆ ನೋಡಿ. ಕಿಕ್ ಯಾರದು ಅಂತ ಇಬ್ಬರೂ ಮುಖ ಮುಖ ನೋಡಿಕೊಂಡರೆ ಇನ್ನೂ ಟೈಮ್ ಬೇಕು.